ರೆಕ್ಕೆ ಒಣಗುವವರೆಗೆ

ರೆಕ್ಕೆಗಳಿಗೆ ಬಟ್ಟೆ ಹೊದಿಸಿ ಮುಗಿಸಿದ ಮೇಲೆಯೇ ಮದುವೆಯ ದಿನ ಗೊತ್ತುಮಾಡಿಕೊಳ್ಳೋಣ ಎಂದು ನನ್ನ ಅಕ್ಕ, ತನ್ನನ್ನು ಕೇಳಿಬಂದಿದ್ದ ಹೊರನಾಡು ಊರಿನವರಿಗೆ, ಫೋನಿನಲ್ಲಿ ಹೇಳಿದಳು. ಯಾವ ರೆಕ್ಕೆ, ಯಾರ ರೆಕ್ಕೆ ಎಂದು ಆ ಕಡೆಯವರು ಕೇಳಿರಬೇಕು. "ನನ್ನ ತಮ್ಮ ಒಂದು ವಿಮಾನ ಮಾಡ್ತಾ ಇದಾನೆ. ಅದಕ್ಕೆ ನಾನು ಬಟ್ಟೆ ಹಾಕ್ಕೊಡ್ಬೇಕು. ಆಮೇಲೆ ಬರ್ತೀನಿ," ಎಂದು ಅವಳು ವಿವರಿಸಿದಳು. ಬ್ಲೌಸ್ ಹೊಲಿಯಲು ಕೊಟ್ಟವರಿಗೆ ಸಂಜೆ ಬನ್ನಿ ಎಂದು ಹೇಳುವ ಧ್ವನಿಯೇ ಅದಾಗಿತ್ತು.

ಓದುವವರಿಗೆ ನಮ್ಮ ಪರಿಚಯವನ್ನು ಮೊದಲು ಹೇಳುವುದು ಕ್ರಮ. ಮೂಡಿಗೆರೆ ಪೇಟೆ ಮುಗಿದು ತೋಟಗಳು ಆರಂಭವಾಗುವಲ್ಲಿ, ಒಬ್ಬ ಬೆಳೆಗಾರರು ಕಾಫಿ ಒಣಗಿಸುವ ಕಣದ ಹಿಂದೆ, ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ ಅಕ್ಕ ಮತ್ತು ನಾನು ಇದ್ದೆವು. ಅಪ್ಪ ದೇವರಮನೆ ಎಂಬ ಊರಿನ ಕಡೆಯ ಒಂದು ಎಸ್ಟೇಟಿನಲ್ಲಿ ಕಣದ ಮೇಸ್ತ್ರಿಯಾಗಿದ್ದವರು. ಅವರೂ ಅಮ್ಮನೂ ತೀರಿಕೊಂಡು ಬಹಳ ಕಾಲವಾಗಿದೆ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಪೇಟೆಯಲ್ಲಿ ಅವಳದೊಂದು ಹೊಲಿಗೆ ಅಂಗಡಿಯಿತ್ತು. ನಾನು ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನೇ ಆದ್ದರಿಂದ, ಆಡುವ ಮಾತು ಎಲ್ಲಿ ತಪ್ಪಾದೀತೋ ಎಂಬ ಅಳುಕು ಇಂದಿಗೂ ನನ್ನನ್ನು ಬಿಟ್ಟಿಲ್ಲ. ತರಗತಿಗೆ ಹೋಗುವ ಮುನ್ನ ಮನೆಯಲ್ಲಿ ಪಾಠವನ್ನು ಒಮ್ಮೆ ಗಟ್ಟಿಯಾಗಿ ಹೇಳಿಕೊಳ್ಳುವುದು ನನ್ನ ರೂಢಿ. ಅಕ್ಕ ಕಾಜ ಹೊಲಿಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಫ್ರಾನ್ಸಿನ ಕ್ರಾಂತಿಯನ್ನು ಅವಳು ನನ್ನ ವಿದ್ಯಾರ್ಥಿಗಳಿಗಿಂತ ಹೆಚ್ಚು ಸಲ ಕೇಳಿದ್ದಾಳೆ. "ಆ ರಾಜನ ತಲೆ ಇವತ್ತೂ ಹೋಯ್ತಾ?" ಎಂದು ಅಡುಗೆಮನೆಯಿಂದ ವಿಚಾರಿಸುತ್ತಿದ್ದಳು.

ವಿಮಾನವೂ ಪಾಠದ ದಾರಿಯಲ್ಲಿಯೇ ನಮ್ಮ ಮನೆಗೆ ಬಂದಿತು. ಮೊದಲ ಮಹಾಯುದ್ಧದ ಅಧ್ಯಾಯಕ್ಕೆ ಸಿದ್ಧತೆ ಮಾಡಿಕೊಳ್ಳುವಾಗ ಒಂದು ಹಳೆಯ ಛಾಯಾಚಿತ್ರವನ್ನು ಕಂಡೆ. ಜರ್ಮನ್ನರು ಆ ಯುದ್ಧದ ಕೊನೆಯ ವರ್ಷಗಳಲ್ಲಿ ಹಾರಿಸಿದ ದೈತ್ಯ ಬಾಂಬರ್ ಅದು: ಒಂದರ ಮೇಲೊಂದು ಎರಡು ರೆಕ್ಕೆ, ನಾಲ್ಕು ಎಂಜಿನ್, ಹೊಟ್ಟೆಯ ಕೆಳಗೆ ಸಾಲುಸಾಲು ಚಕ್ರ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ನಲವತ್ತೆರಡು ಮೀಟರ್. ಇಷ್ಟು ದೊಡ್ಡದನ್ನು ಬಹುಮಟ್ಟಿಗೆ ಮರ, ತಂತಿ ಮತ್ತು ಬಟ್ಟೆಯಿಂದ ಕಟ್ಟಿದ್ದರು. ಎಂಜಿನ್ನುಗಳು ರೆಕ್ಕೆಗಳ ನಡುವಿನ ಎರಡು ಗೂಡುಗಳಲ್ಲಿ ಜೋಡಿಜೋಡಿಯಾಗಿದ್ದವು. ಪ್ರತಿ ಗೂಡಿನಲ್ಲೂ ಎರಡು ಎಂಜಿನ್ನುಗಳ ನಡುವಿನ ಇಕ್ಕಟ್ಟಿನಲ್ಲಿ ಒಬ್ಬ ಮೆಕ್ಯಾನಿಕ್ ಹಾರಾಟದುದ್ದಕ್ಕೂ ಕುಳಿತಿರುತ್ತಿದ್ದನಂತೆ. ಚಿತ್ರದಲ್ಲಿ ಅಂಥವನೊಬ್ಬನ ತಲೆ ಮಾತ್ರ ಕಾಣುತ್ತಿತ್ತು. ಅವನು ಯಾವ ಕಡೆಗೆ ನೋಡುತ್ತಿದ್ದಾನೆಂದು ನಾನು ಬಹಳ ಹೊತ್ತು ಪರಿಶೀಲಿಸಿದೆ.

ಆ ಜಾತಿಯ ವಿಮಾನಗಳಲ್ಲಿ ಒಂದೂ ಈಗ ಪೂರ್ತಿಯಾಗಿ ಉಳಿದಿಲ್ಲ. ಕೆಲವು ಯುದ್ಧದಲ್ಲಿಯೇ ಬಿದ್ದುಹೋದವು, ಉಳಿದವನ್ನು ಆಮೇಲೆ ಒಡೆದುಹಾಕಿದರು. ಯಾವ ದೇಶಕ್ಕೆ ಹೋದರೂ ಅದರ ಕೆಳಗೆ ನಿಂತು ತಲೆಯೆತ್ತಿ ನೋಡುವುದು ಸಾಧ್ಯವಿಲ್ಲ ಎಂದು ತಿಳಿದ ದಿನ ನನಗೆ ವಿಚಿತ್ರವಾದ ಸಂಕಟವಾಯಿತು. ಬಸ್ಸು ತಪ್ಪಿಹೋದಂತಹ ಸಂಕಟ. ಆದರೆ ಆ ಬಸ್ಸು ಹೋದದ್ದು ನಾನು ಹುಟ್ಟುವುದಕ್ಕೆ ಎಷ್ಟೋ ಕಾಲ ಮೊದಲು. ಆ ವಿಮಾನವನ್ನು ನೋಡಬೇಕಾದರೆ ನಾನೇ ಅದರ ಮಾದರಿ ಕಟ್ಟಿಕೊಳ್ಳಬೇಕಾಗಿತ್ತು. ಪೆಟ್ಟಿಗೆಯಲ್ಲಿ ಬರುವ ಸಿದ್ಧ ತುಂಡುಗಳನ್ನು ಜೋಡಿಸುವುದು ನನಗೆ ಬೇಕಿರಲಿಲ್ಲ. ರೆಕ್ಕೆಗೆ ಆಕಾರ ಕೊಡುವ ಪ್ರತಿಯೊಂದು ಪಕ್ಕೆಲುಬನ್ನೂ ನಾನೇ ಕತ್ತರಿಸಬೇಕೆಂದು ನಿಶ್ಚಯಿಸಿದೆ.

"ಜನ್ರ ಮೇಲೆ ಬಾಂಬ್ ಹಾಕ್ತಿದ್ದ ವಿಮಾನ ಅಂತೀಯ," ಎಂದಳು ಅಕ್ಕ. "ಅದೇ ಬೇಕಾ ಮಾರಾಯ? ಯಾವ್ದಾದ್ರೂ ಒಳ್ಳೇದು ಇರ್ಲಿಲ್ವಾ?"

"ನಾನು ಬಾಂಬ್ ಇಡಲ್ಲ ಅಕ್ಕ."

"ಬಾಂಬ್ ಇಲ್ಲ, ಹಾರಲ್ಲ. ಹಂಗಾದ್ರೆ ಅದು ಎಮ್ಮೆ."

ಅಂದಿನಿಂದ ನಮ್ಮ ಮನೆಯಲ್ಲಿ ಅದು ಎಮ್ಮೆಯಾಯಿತು. ಇಪ್ಪತ್ನಾಲ್ಕರಲ್ಲಿ ಒಂದು ಪಾಲಿನ ಅಳತೆ ಇಟ್ಟುಕೊಂಡೆ. ಆ ಲೆಕ್ಕದಲ್ಲಿ ರೆಕ್ಕೆಯ ತುದಿಯಿಂದ ತುದಿಗೆ ಐದೂ ಮುಕ್ಕಾಲು ಅಡಿಯಷ್ಟಾಗುತ್ತದೆ. ನಕ್ಷೆಗಳನ್ನು ಅಂತರಜಾಲದಿಂದ ಇಳಿಸಿ, ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ, ಹಾಳೆಗೆ ಹಾಳೆ ಅಂಟಿಸಿದೆ. ಪಕ್ಕೆಲುಬುಗಳಿಗೆ ಪ್ಲೈವುಡ್ ಮಿಲ್ಲಿನಿಂದ ಸಿಲ್ವರ್ ಓಕ್ ಮರದ ತೆಳುವಾದ ಹಾಳೆ ತಂದೆ. ನಮ್ಮ ತೋಟಗಳಲ್ಲಿ ಕಾಫಿಗೆ ನೆರಳು ಕೊಡುವ ಮರವೇ ಅದು. ರೆಕ್ಕೆಯ ಉದ್ದಕ್ಕೆ ಹಾಯುವ ತೊಲೆಗಳಿಗೆ ಬಿದಿರಿನ ಸೀಳು. ಚಕ್ರಗಳನ್ನು ಮುದಿ ಕಾಫಿ ಗಿಡದ ಬುಡದಿಂದ ಕಡೆದೆ. ಆ ಮರ ಗಟ್ಟಿ, ಎಷ್ಟು ಸಣ್ಣದಾಗಿ ಕೊರೆದರೂ ಸಿಬಿರು ಏಳುವುದಿಲ್ಲ. ಭಾನುವಾರಗಳೂ ರಜೆಗಳೂ ಇದರಲ್ಲಿ ಕಳೆದವು. ಮುಂದಿನ ಕೋಣೆಯಲ್ಲಿ ನನ್ನ ಮೇಜು ಒಂದು ಗೋಡೆಗೆ, ಅಕ್ಕನ ಹೊಲಿಗೆ ಯಂತ್ರ ಎದುರು ಗೋಡೆಗೆ ಇದ್ದವು. ಅವಳು ಅಂಗಡಿಯಲ್ಲಿ ಮುಗಿಯದ ಕೆಲಸವನ್ನು ತಂದು ತುಳಿಯುತ್ತಿದ್ದಳು. ನಾನು ಉಜ್ಜುಕಾಗದ ತಿಕ್ಕುತ್ತಿದ್ದೆ. ಅವಳ ಯಂತ್ರ ನಿಂತಾಗ ನನ್ನ ಕೈಯೂ ನಿಲ್ಲುತ್ತಿತ್ತು ಎಂಬುದನ್ನು ಆಗ ನಾನು ಗಮನಿಸಿರಲಿಲ್ಲ.

ರೆಕ್ಕೆಗೆ ತೆಳುವಾದ ಕಾಗದ ಹೊದಿಸುವುದೇ ಇಂತಹ ಮಾದರಿಗಳಲ್ಲಿ ವಾಡಿಕೆ. ಬಟ್ಟೆಯ ನೇಯ್ಗೆ ಅಷ್ಟು ಚಿಕ್ಕ ಅಳತೆಯಲ್ಲಿ ಒರಟಾಗಿ ಕಂಡೀತೆಂದು ನಾನು ಹೆದರಿದ್ದೆ.

"ಅವರು ಪೇಪರ್ ಹಾಕಿದ್ರಾ, ಬಟ್ಟೆ ಹಾಕಿದ್ರಾ?" ಎಂದು ಅಕ್ಕ ಕೇಳಿದಳು.

"ಬಟ್ಟೆ."

"ಮತ್ತೆಂತ?"

ಮರುದಿನ ಅಂಗಡಿಯಿಂದ ವಾಯಿಲ್ ಬಟ್ಟೆಯ ತುಂಡೊಂದನ್ನು ತಂದು ನನ್ನ ಅಂಗೈ ಮೇಲೆ ಹರಡಿದಳು. ಅದರೊಳಗಿಂದ ನನ್ನ ಕೈಯ ಗೆರೆಗಳು ಕಾಣುತ್ತಿದ್ದವು. ಆಮೇಲೆ ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ತೆಗೆದು ರೆಕ್ಕೆಯ ಚೌಕಟ್ಟಿನ ಮೇಲೆ ಹಿಡಿದು, "ಇವಳ ಎದೆ ಸುತ್ತಳತೆ ಎಲ್ಲಿ ತಗೊಳ್ಳಲಿ? ಕಂಕುಳೇ ಇಲ್ವಲ್ಲ ಇದಕ್ಕೆ," ಎಂದು ನಗಲಾರಂಭಿಸಿದಳು.

ಅದೇ ವರ್ಷ ದೀಪಾವಳಿಯ ಸಮಯದಲ್ಲಿ ಹೊರನಾಡಿನ ಸಂಬಂಧ ಬಂದಿತು. ಗಂಡು ಅಲ್ಲಿನ ದೇವಸ್ಥಾನದ ರಸ್ತೆಯಲ್ಲಿ ಹಣ್ಣುಕಾಯಿ, ಕುಂಕುಮ, ಬಳೆಗಳ ಅಂಗಡಿ ಇಟ್ಟಿದ್ದವರು. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಮಗಳನ್ನು ಉಡುಪಿಯ ಕಡೆಗೆ ಮದುವೆ ಮಾಡಿಕೊಟ್ಟಿದ್ದರು. ಅವರ ತಂಗಿ ಮೂಡಿಗೆರೆಯಲ್ಲಿ ಅಕ್ಕನ ಬಳಿ ಬಟ್ಟೆ ಹೊಲಿಸುತ್ತಿದ್ದವರು, ಅವರೇ ಮಾತು ತೆಗೆದರು. ಅಕ್ಕ ಅವರನ್ನು ಎರಡು ಸಲ ಭೇಟಿಯಾದಳು. ಎರಡನೆಯ ಸಲ ಹೋಗಿಬಂದು, ಚಪ್ಪಲಿ ಬಿಡುತ್ತಲೇ, "ಒಳ್ಳೇವ್ರು. ಮಾತು ಕಮ್ಮಿ. ನಗಾಡ್ತಾರೆ," ಎಂದಳು. ಎಷ್ಟೋ ಸಂಬಂಧಗಳಿಗೆ ಬೇಡವೆಂದಿದ್ದವಳ ಬಾಯಲ್ಲಿ ಇಷ್ಟು ಹೊಗಳಿಕೆಯನ್ನು ನಾನು ಕೇಳಿದ್ದು ಅದೇ ಮೊದಲು.

"ಒಪ್ಕೊ ಅಕ್ಕ," ಎಂದೆ. ಮನಃಪೂರ್ವಕವಾಗಿಯೇ ಹೇಳಿದೆ. ಅವಳ ಬದುಕು ಅವಳದಾಗಬೇಕೆಂದು ಬಯಸದ ದಿನವೇ ಇರಲಿಲ್ಲ. ಅವಳು ಈ ಮನೆಯಿಂದ ಹೋಗಬಾರದೆಂದೂ ಅಷ್ಟೇ ಮನಃಪೂರ್ವಕವಾಗಿ ಬಯಸಿದೆ. ಈ ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳುವ ರೀತಿ ನನಗೆ ಇಂದಿಗೂ ತಿಳಿದಿಲ್ಲ.

ಅವಳು ಒಪ್ಪಿದಳು. ಧನುರ್ಮಾಸ ಕಳೆಯುವವರೆಗೆ ಹೇಗೂ ಮದುವೆ ನಡೆಯುವಂತಿರಲಿಲ್ಲ. ಅಷ್ಟರಲ್ಲಿ ರೆಕ್ಕೆಗಳನ್ನು ಮುಗಿಸಿಕೊಟ್ಟು ಹೊರಡುವುದೆಂದು ತಾನೇ ನಿರ್ಧರಿಸಿ ಫೋನು ಮಾಡಿದಳು. ರೆಕ್ಕೆಗೆ ಬಟ್ಟೆಯಾಯಿತೆಂದರೆ ಅಕ್ಕ ಹೋಗುತ್ತಾಳೆ. ಆ ಚಳಿಗಾಲದಲ್ಲಿ ನನ್ನ ಮುಂದಿದ್ದ ವಿಷಯ ಇಷ್ಟೇ.

ಬಟ್ಟೆ ಹೊದಿಸುವ ಮುನ್ನ ಚೌಕಟ್ಟು ಒಣಗಬೇಕಾಗಿತ್ತು. ಮಿಲ್ಲಿನಿಂದ ತಂದ ಹಾಳೆ ಹಸಿಯಾಗಿತ್ತು. ಹಸಿ ಪಕ್ಕೆಲುಬಿನ ಮೇಲೆ ಬಟ್ಟೆ ಬಿಗಿದರೆ, ಮುಂದೆ ಮರ ಒಣಗುವಾಗ ರೆಕ್ಕೆ ಸೊಟ್ಟಗಾಗುತ್ತದೆ. ಒಣಗಿದೆಯೆಂದು ತಿಳಿಯುವ ಬಗೆಯನ್ನು ನಾವು ಯಾರಲ್ಲೂ ಕೇಳಬೇಕಾಗಿರಲಿಲ್ಲ. ಅಪ್ಪನ ಕಣದಲ್ಲಿ ಸಿಪ್ಪೆ ಬಿಡಿಸಿ ತೊಳೆದ ಕಾಫಿ ಬೀಜವನ್ನು, ಎಂದರೆ ಪಾರ್ಚ್‌ಮೆಂಟನ್ನು, ಬಿಸಿಲಿಗೆ ಹರಡುತ್ತಿದ್ದರು. ಅಪ್ಪ ಪ್ರತಿ ಸಂಜೆ ಒಂದೇ ಡಬ್ಬದ ತುಂಬ ಬೀಜ ತುಂಬಿ, ಬಾಯಿಯನ್ನು ಕೋಲಿನಿಂದ ಸಮಮಾಡಿ, ತೂಗುತ್ತಿದ್ದರು. ಒಳಗಿನ ನೀರು ಆರಿದಂತೆ ತೂಕ ಇಳಿಯುತ್ತ ಬರುತ್ತದೆ. ಎರಡು ಸಂಜೆ ಒಂದೇ ತೂಕ ಬಂದಿತೆಂದರೆ ಇಳಿಯಲು ನೀರು ಉಳಿದಿಲ್ಲ, ಮೂಟೆ ಕಟ್ಟಬಹುದು ಎಂದರ್ಥ. ಮಲೆನಾಡಿನ ಕಣಗಳಲ್ಲಿ ಬೆಳೆದ ಯಾವ ಮಗುವಿಗೂ ಇದು ಗೊತ್ತು. ನಾವು ಡಬ್ಬದ ಬದಲು ರೆಕ್ಕೆಯನ್ನು ತೂಗಿದೆವು.

ಮನೆಯ ಮುಂದಿನ ಕಣದಲ್ಲಿಯೂ ಆಗ ಪಾರ್ಚ್‌ಮೆಂಟ್ ಹರಡಿತ್ತು. ಕಣದ ಮೂಲೆಯೊಂದನ್ನು ಬಳಸಿಕೊಳ್ಳಲು ಮನೆಯ ಮಾಲೀಕರಾದ ಬೆಳೆಗಾರರನ್ನು ಕೇಳಿದೆ. ಕೇಳುವ ಮುನ್ನ ಮಾತನ್ನು ಎರಡು ಸಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. "ತಾವು ದಯವಿಟ್ಟು ಅನುಮತಿ ನೀಡಿದರೆ" ಎಂದು ಆರಂಭಿಸುವಷ್ಟರಲ್ಲಿ ಅವರು, "ಹರಡ್ರಿ ಮೇಷ್ಟ್ರೇ, ವಿಮಾನಾನೂ ಬೆಳೆಯೇ ಅಲ್ವಾ," ಎಂದುಬಿಟ್ಟರು. ಹಲಗೆಯ ಮೇಲೆ ರೆಕ್ಕೆಯ ಚೌಕಟ್ಟುಗಳನ್ನು ಮಲಗಿಸಿ, ಬಿಸಿಲಿಗೆ ಬಾಗದಂತೆ ತೊಲೆಗಳ ಮೇಲೆ ಅಲ್ಲಲ್ಲಿ ಚಪ್ಪಟೆ ಕಲ್ಲುಗಳನ್ನಿಟ್ಟೆ. ಸಂಜೆ ಇಬ್ಬನಿ ಇಳಿಯುವ ಮೊದಲು ಒಳಗೆ ತಂದು, ಬಣ್ಣ ತೂಗಲೆಂದು ಕೊಂಡಿದ್ದ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಡುತ್ತಿದ್ದೆ. ಅಕ್ಕ ಅಂಗಡಿಯಿಂದ ಬಂದವಳು ಕೈಕಾಲು ತೊಳೆಯದೆ ಬಗ್ಗಿ ಅಂಕಿಯನ್ನು ಓದುತ್ತಿದ್ದಳು. "ಇಳಿದದೆ," ಎನ್ನುತ್ತಿದ್ದಳು. ನಾನು "ಹೌದು" ಎನ್ನುತ್ತಿದ್ದೆ. ಅಂಕಿ ಇಳಿದರೆ ಕೆಲಸ ಮುಂದುವರಿಯಿತೆಂದು ಸಮಾಧಾನ; ಇನ್ನೂ ಇಳಿಯುತ್ತಿದೆಯೆಂದರೆ ಇನ್ನೂ ಒಣಗಿಲ್ಲವೆಂಬ ಸಮಾಧಾನ. ಎರಡನೆಯ ಸಮಾಧಾನವೇ ದೊಡ್ಡದಾಗಿತ್ತು.

ತೂಕ ನಿಲ್ಲುವ ಸೂಚನೆ ಕಾಣಿಸತೊಡಗಿದಾಗ ಒಂದು ಅವಘಡವಾಯಿತು. ಕಾಲೇಜಿನಿಂದ ಮಧ್ಯಾಹ್ನ ಬಂದು ನೋಡಿದರೆ ರೆಕ್ಕೆಗಳು ಮಗುಚಿ ಬಿದ್ದಿವೆ. ಕಲ್ಲುಗಳು ಪಕ್ಕದಲ್ಲಿ ಅಚ್ಚುಕಟ್ಟಾಗಿ ಪೇರಿಸಲ್ಪಟ್ಟಿವೆ. ಕಣದಲ್ಲಿ ಕೋಲಿನಿಂದ ಕಾಫಿಯನ್ನು ಎಳೆದು ತಿರುವುತ್ತಿದ್ದ ಹೆಂಗಸರಲ್ಲಿ ಹಿರಿಯಾಕೆಯನ್ನು ವಿಚಾರಿಸಿದೆ.

"ನಾನೇ ತಿರುವಿ ಹಾಕ್ದೆ ಮೇಷ್ಟ್ರೇ," ಎಂದರು ಅವರು, ಸಂತೋಷದಿಂದ. "ಬೆಳಗ್ಗಿಂದ ಒಂದೇ ಮಗ್ಗುಲಲ್ಲಿ ಬಿದ್ಕಂಡಿದ್ವು. ಕಾಫಿ ತಿರುವ್ದಾಗೆಲ್ಲ ಅವನ್ನೂ ತಿರುವಿದೀವಿ, ಐದಾರು ಸಲ. ನಿಮ್ಗೆ ಪುರುಸೊತ್ತೆಲ್ಲಿ."

"ಕಲ್ಲು ಇಟ್ಟಿದ್ದೆನಲ್ಲ?"

"ಅದ್ಯಾರೋ ಮಕ್ಳು ಆಟಕ್ಕೆ ಇಟ್ಟಿದ್ವು, ತೆಗ್ದು ಹಾಕ್ದೆ."

ಇನ್ನೊಬ್ಬಾಕೆ ಕೋಲಿಗೆ ಒರಗಿ ನಿಂತು, "ಹಾರಿಹೋಗ್ತವೆ ಅಂತ ಇಟ್ಟಿದ್ರಾ ಅಯ್ಯಾ?" ಎಂದು ಕೇಳಿದಾಗ ಕಣದಲ್ಲೆಲ್ಲ ನಗು ಹರಡಿತು. ನನಗೆ ಕೋಪ ಬರಬೇಕಾಗಿತ್ತು. ಮೇಲಿನ ಎಡ ರೆಕ್ಕೆಯ ತುದಿ, ಕಣ್ಣಿಗೆ ಹಿಡಿದು ನೋಡಿದರೆ, ಸ್ಪಷ್ಟವಾಗಿ ತಿರುಚಿಕೊಂಡಿತ್ತು. ಅದನ್ನು ನೀರಿನ ಬಟ್ಟೆಯಲ್ಲಿ ಸುತ್ತಿ ಮೆತ್ತಗಾಗಿಸಿ, ಹಲಗೆಗೆ ಮೊಳೆ ಹೊಡೆದು ನೇರ ಮಾಡಿ, ಮೊದಲಿನಿಂದ ಒಣಗಿಸಬೇಕಾಯಿತು. ಸಂಜೆ ಅಕ್ಕನಿಗೆ ಈ ಸುದ್ದಿ ಹೇಳಿದಾಗ ಅವಳು ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಳಿಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಂಗಾದ್ರೆ ಇನ್ನೊಂದು ವಾರ," ಎಂದಳು. ಆ ಮಾತಿನಲ್ಲಿ ನಗು ಇರಲಿಲ್ಲ. ಅಂದು ಅವಳು ಅಕ್ಕಿರೊಟ್ಟಿ ಮಾಡಿದಳು, ಹಬ್ಬವೇನೂ ಇಲ್ಲದಿದ್ದರೂ ಕೆಸುವಿನ ಪತ್ರೊಡೆಯನ್ನೂ ಮಾಡಿದಳು.

ಆ ವಾರ ಮಂಜು ಬೆಳಗ್ಗೆ ಬಹಳ ಹೊತ್ತು ಏಳಲಿಲ್ಲ. ಕಣದಲ್ಲಿ ಕಾಫಿಯನ್ನು ತಡವಾಗಿ ಬಿಚ್ಚುತ್ತಿದ್ದರು, ಬೇಗ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಿದ್ದರು. ಬೆಳೆಗಾರರೆಲ್ಲ ಆಕಾಶ ನೋಡಿ ಗೊಣಗುತ್ತಿದ್ದಾಗ ನಾನು ತಲೆ ತಗ್ಗಿಸಿಕೊಂಡು ಕಾಲೇಜಿಗೆ ನಡೆಯುತ್ತಿದ್ದೆ. ಇಡೀ ಊರಿನಲ್ಲಿ ಆ ಮಂಜನ್ನು ಒಳಗೊಳಗೇ ಸ್ವಾಗತಿಸುತ್ತಿದ್ದವನು ಬಹುಶಃ ನಾನೊಬ್ಬನೇ.

ಒಂದು ಭಾನುವಾರ ಹೊರನಾಡಿನವರೇ ಬಂದರು. ಎತ್ತರದ ಆಳು, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕುಳಿತು, ಅಕ್ಕ ಕೊಟ್ಟ ಕಾಫಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ಕಣ್ಣು ಮೇಜಿನ ಮೇಲಿನ ವಿಮಾನದಿಂದ ಕದಲಲಿಲ್ಲ.

"ಇದೇ ಅಲ್ವಾ ಅದು?" ಎಂದು ಕೇಳಿದರು.

"ಹೌದು."

"ನಾನು ಇಷ್ಟು ದೊಡ್ಡದು ಅಂತ ತಿಳ್ಕೊಂಡಿರ್ಲಿಲ್ಲ ಮಾರಾಯ್ರೆ. ಕೈಯಲ್ಲಿ ಹಿಡಿಯೋದೇನೋ ಅಂತ." ಎದ್ದು ಹೋಗಿ ರೆಕ್ಕೆಯ ಚೌಕಟ್ಟನ್ನು ಬೆರಳುಗಳ ಮೇಲೆ ಎತ್ತಿ ತೂಗಿ ನೋಡಿದರು, ತೆಂಗಿನಕಾಯಿ ನೋಡುವವರ ಹಾಗೆ. "ಇನ್ನೆಷ್ಟು ದಿನ ಒಣಗ್ಬೇಕು ಇದು?"

"ಮಂಜು ಬಿಟ್ಟರೆ ಬೇಗ ಆಗಬಹುದು," ಎಂದೆ.

"ನಮ್ಮ ಊರಿಗೆ ತಂದಿದ್ರೆ ಒಣಗೋದೇ ಇಲ್ಲ ಬಿಡಿ. ಅಲ್ಲಿ ಹಪ್ಪಳ ಒಣಗೋಕೆ ಶಿವರಾತ್ರಿ ಕಾಯ್ಬೇಕು." ಅಕ್ಕನ ಕಡೆ ನೋಡಿದರು. "ಕಾಯೋದು ನಂಗೆ ಅಭ್ಯಾಸ ಉಂಟು. ಅವಸರ ಎಂತದೂ ಇಲ್ಲ."

ಹೊರಡುವಾಗ ಅವರು ರೆಕ್ಕೆಯನ್ನು ಇದ್ದ ಜಾಗದಲ್ಲೇ, ಇದ್ದ ಹಾಗೆಯೇ ಇಟ್ಟಿದ್ದರು. ತೊಲೆಯ ಮೇಲಿನ ಪೆನ್ಸಿಲ್ ಗುರುತು ನಕ್ಷೆಯ ಗುರುತಿಗೆ ಸರಿಯಾಗಿ ಕೂಡಿತ್ತು. ಅವರಲ್ಲಿ ತಪ್ಪು ಹುಡುಕಬೇಕೆಂದು ನನಗೆ ಆಸೆಯಿತ್ತು. ಸಿಗಲಿಲ್ಲ.

ಸಂಕ್ರಾಂತಿ ಕಳೆಯಿತು. ಮಂಜು ಹರಿದು ಒಳ್ಳೆಯ ಬಿಸಿಲು ಬಿದ್ದಿತು. ಒಂದು ಸಂಜೆ ರೆಕ್ಕೆಯನ್ನು ತಕ್ಕಡಿಯ ಮೇಲೆ ಇಟ್ಟಾಗ ಹಿಂದಿನ ಸಂಜೆಯ ಅಂಕಿಯೇ ಮೂಡಿತು. ಅಕ್ಕ ಬಗ್ಗಿ ಓದಿದಳು. ಹೊರಗೆ ಕಣದ ಹೆಂಗಸರು ಮನೆಗೆ ಹೊರಡುತ್ತ ಒಬ್ಬರನ್ನೊಬ್ಬರು ಕೂಗುತ್ತಿದ್ದರು.

"ತಕ್ಕಡಿ ಸರಿ ಇದ್ಯಾ ನೋಡು," ಎಂದಳು ಕೊನೆಗೆ.

ರೆಕ್ಕೆಯನ್ನು ಇಳಿಸಿ, ತಕ್ಕಡಿಯನ್ನು ಸೊನ್ನೆಗೆ ತಂದು, ಮತ್ತೆ ಇಟ್ಟೆ. ಅದೇ ಅಂಕಿ.

"ಇನ್ನೊಂದು ಸಂಜೆ ನೋಡಣ ಪುಟ್ಟ," ಎಂದಳು. ಬಹಳ ವರ್ಷಗಳಿಂದ ಅವಳು ನನ್ನನ್ನು ಹಾಗೆ ಕರೆದಿರಲಿಲ್ಲ. "ಮೊನ್ನೆ ಎಲ್ಲ ಅಷ್ಟು ಮಂಜಿತ್ತಲ್ಲ. ಒಳಗೆಲ್ಲಾದ್ರೂ ಹಸಿ ಇರ್ಬೋದು."

ನಾನು ಆ ಚಳಿಗಾಲವಿಡೀ ಕೇಳಬೇಕೆಂದಿದ್ದ ಮಾತು ಅದೇ. ಆಗಲಿ ಎಂದಿದ್ದರೆ ಸಾಕಿತ್ತು. ಮೂರನೆಯ ಸಂಜೆ ಬರುತ್ತಿತ್ತು, ಆಮೇಲೆ ನ್ಯಾಯವಾಗಿ ನಾಲ್ಕನೆಯದೂ ಬರುತ್ತಿತ್ತು. ಹೊರನಾಡಿನವರು ಅವಸರ ಪಡುವವರಲ್ಲ, ಅವರು ಕಾಯುತ್ತಿದ್ದರು. ಅಕ್ಕನೂ ಉಳಿಯುತ್ತಿದ್ದಳು, ಒಂದೊಂದೇ ಸಂಜೆಯಾಗಿ, ಯಾರೂ ಯಾರನ್ನೂ ಉಳಿಯೆಂದು ಬಾಯಿಬಿಟ್ಟು ಕೇಳದೆ. ಹಾಗೆ ಉಳಿಸಿಕೊಂಡರೆ ಅವಳು ಹೋಗುವ ದಿನ ಎಂದೂ ಬಾರದೆಂದು ನನಗೆ ಭಯವಾಯಿತು. ಅದಕ್ಕಿಂತ ಹೆಚ್ಚಾಗಿ, ಅದು ಬಾರದಿರಲಿ ಎಂದು ನಾನು ಎಷ್ಟು ಬಯಸುತ್ತಿದ್ದೇನೆಂದು ತಿಳಿದು ಭಯವಾಯಿತು.

"ಅಪ್ಪ ಎರಡೇ ಸಂಜೆ ನೋಡ್ತಿದ್ದಿದ್ದು, ಅಕ್ಕ," ಎಂದೆ.

ಅವಳು ನನ್ನ ಮುಖವನ್ನು ನೋಡಿದಳು. ಅವಳ ಕಣ್ಣಿನಲ್ಲಿ ಮೊದಲು ಆಶ್ಚರ್ಯ, ಆಮೇಲೆ ಇನ್ನೇನೋ ಇತ್ತು. ಅದಕ್ಕೆ ಹೆಸರಿಡಲು ನಾನು ಪ್ರಯತ್ನಿಸಿಲ್ಲ.

"ಹೌದಲ್ಲ," ಎಂದಳು. "ಎರಡೇ ನೋಡ್ತಿದ್ದಿದ್ದು ಅಪ್ಪ." ಬಳಿಕ, "ನನ್ನ ಕತ್ರಿ ಎಲ್ಲಿಟ್ಟೆ ಮಾರಾಯ? ಪೇಪರ್ ಕತ್ರಿಸಿ ಮೊಂಡು ಮಾಡಿಟ್ಟಿರ್ತೀಯ," ಎಂದು ಬೈಯುತ್ತ ಮೇಜಿನ ಮೇಲೆಲ್ಲ ಹುಡುಕಾಡಿದಳು.

ಬಟ್ಟೆ ಹೊದಿಸಿದ ಆ ಕೆಲವು ದಿನಗಳನ್ನು ನಾನು ಹೇಗೆ ಬರೆದರೂ ಕಡಿಮೆಯೇ. ಅವಳು ಅಂಗಡಿಗೆ ಬೀಗ ಹಾಕಿ ಮನೆಯಲ್ಲೇ ಕುಳಿತಳು. ವಾಯಿಲನ್ನು ಚೌಕಟ್ಟಿನ ಮೇಲೆಳೆದು, ಅಂಚಿಗೆ ಅಂಟು ಹಚ್ಚಿ, ಪ್ರತಿಯೊಂದು ಪಕ್ಕೆಲುಬಿನ ಮೇಲೂ ಸಣ್ಣ ಹೊಲಿಗೆ ಹಾಕಿದಳು. ನಿಜವಾದ ವಿಮಾನದಲ್ಲಿಯೂ ಹಾಗೆಯೇ ಹೊಲಿದಿದ್ದರೆಂದು ನಾನು ಹೇಳಿದಾಗ, "ಯಾರು ಹೊಲಿದಿದ್ರು?" ಎಂದು ಕೇಳಿದಳು. ಕಾರ್ಖಾನೆಗಳಲ್ಲಿ ಆ ಕೆಲಸವನ್ನು ಹೆಚ್ಚಾಗಿ ಹೆಂಗಸರೇ ಮಾಡುತ್ತಿದ್ದರೆಂದು ಓದಿದ್ದನ್ನು ಹೇಳಿದೆ. ಅವಳು ಸೂಜಿಯನ್ನು ನಿಲ್ಲಿಸಿ, "ಅವರಿಗೆ ಗೊತ್ತಿತ್ತಾ, ಅದು ಎಲ್ಲಿಗೆ ಹೋಗ್ತದೆ ಅಂತ?" ಎಂದಳು. ನನಗೆ ತಿಳಿದಿರಲಿಲ್ಲ; ತಿಳಿದಿಲ್ಲವೆಂದೇ ಹೇಳಿದೆ. ಮೇಲೆ ತೆಳುವಾದ ಮೆರುಗೆಣ್ಣೆ ಬಳಿದಾಗ ಬಟ್ಟೆ ಬಿಗಿಯಿತು. ಅವಳು ಬೆರಳಿನಿಂದ ಒಂದೊಂದೇ ಅಂಕಣವನ್ನು ತಟ್ಟಿ ಸದ್ದು ಕೇಳಿದಳು. ಬಳಿಕ ನಾನು ಕತ್ತಲೆಯ ಬಣ್ಣಗಳ ಷಟ್ಕೋನಗಳನ್ನು ಬರೆದೆ. ರಾತ್ರಿ ಆಕಾಶದಲ್ಲಿ ಮರೆಯಾಗಲೆಂದು ಆ ವಿಮಾನಗಳಿಗೆ ಅಂತಹ ಮೈಬಣ್ಣವಿತ್ತು. "ಒಳ್ಳೆ ಡಿಸೈನ್ ಇದು. ಸೀರೆಗೆ ಬಂದ್ರೆ ಉಡ್ಬೋದು," ಎಂದಳು.

ಮದುವೆ ಹೊರನಾಡಿನ ಬಳಿಯ ಕಳಸದಲ್ಲಿ, ಸರಳವಾಗಿ ನಡೆಯಿತು. ಹೊಲಿಗೆ ಯಂತ್ರ ಒಂದು ಜೀಪಿನ ಹಿಂದೆ ಕಟ್ಟಿಸಿಕೊಂಡು ಅವಳೊಡನೆ ಹೋಯಿತು.

ಅವಳಿದ್ದಾಗ ನಮ್ಮ ಮನೆಯಲ್ಲಿ ಸೂಜಿಗಳು ಎಲ್ಲೆಲ್ಲೂ ಇರುತ್ತಿದ್ದವು: ಪರದೆಯಲ್ಲಿ, ಕ್ಯಾಲೆಂಡರಿನ ಮೂಲೆಯಲ್ಲಿ, ನನ್ನ ದಿಂಬಿನ ಅಂಚಿನಲ್ಲಿ. ಚುಚ್ಚಿಸಿಕೊಂಡಾಗಲೆಲ್ಲ ನಾನು ಜಗಳವಾಡುತ್ತಿದ್ದೆ. ಅವಳು ಹೋದ ತಿಂಗಳಲ್ಲಿ ಅಂಗಿಯ ಗುಂಡಿ ಕಿತ್ತುಬಂದು, ಇಡೀ ಮನೆಯಲ್ಲಿ ಒಂದು ಸೂಜಿಯೂ ಸಿಗಲಿಲ್ಲ. ಎಲ್ಲವನ್ನೂ ಆರಿಸಿಕೊಂಡು ಹೋಗಿದ್ದಳು, ನನಗೆ ಚುಚ್ಚಬಾರದೆಂದು. ಗುಂಡಿಯನ್ನು ಜೇಬಿನಲ್ಲಿಟ್ಟುಕೊಂಡೇ ತರಗತಿಗೆ ಹೋದೆ. ಈಗ ಪಾಠವನ್ನು ಗಟ್ಟಿಯಾಗಿ ಹೇಳಿಕೊಳ್ಳಲು ಮನಸ್ಸಾಗುವುದಿಲ್ಲ. ರಾಜನ ತಲೆ ಉರುಳಿದರೂ ಯಾರೂ ವಿಚಾರಿಸುವುದಿಲ್ಲ. ಸಂಜೆ ಅವಳು ಫೋನು ಮಾಡಿ ಊಟದ ವಿಷಯ ಕೇಳುತ್ತಾಳೆ. ಅವಳ ದನಿಯ ಹಿಂದೆ ದೇವಸ್ಥಾನದ ಗಂಟೆ, ಗಿರಾಕಿಗಳ ಮಾತು ಕೇಳುತ್ತಿರುತ್ತದೆ. ನಾನು ಉತ್ತರಿಸುವಷ್ಟರಲ್ಲಿ ಅವಳು ಯಾರಿಗೋ ಚಿಲ್ಲರೆ ಕೊಡುತ್ತಿರುತ್ತಾಳೆ.

ಬೇಸಿಗೆಯಲ್ಲಿ ನಾನು ವಿಮಾನದ ಬಾಲವನ್ನು ಕಟ್ಟಿದೆ. ಬಾಲವೂ ಎರಡು ಅಂತಸ್ತಿನದು, ಚಿಕ್ಕ ರೆಕ್ಕೆಗಳ ಹಾಗೆ. ಒಪ್ಪಂದದಲ್ಲಿ ಬಾಲದ ಮಾತಿರಲಿಲ್ಲ. ಫೋನಿನಲ್ಲಿ ಸಂಕೋಚದಿಂದ ತಿಳಿಸಿದಾಗ, "ಎಮ್ಮೆಗೆ ಬಾಲ ಇರತ್ತೆ ಅಂತ ನಂಗೆ ಹೊಳೀಲೇ ಇಲ್ಲ ನೋಡು. ತಗೊಂಡ್ ಬಾ," ಎಂದಳು. ಚೌಕಟ್ಟನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆಗಳ ನಡುವೆ ಇಟ್ಟು, ಕೊಟ್ಟಿಗೆಹಾರದ ಮಾರ್ಗವಾಗಿ ಹೊರನಾಡಿಗೆ ಹೋಗುವ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟೆ. ಘಟ್ಟದ ತಿರುವುಗಳಲ್ಲಿ ಪಕ್ಕದವರು, "ಕೋಳಿಮರೀನಾ?" ಎಂದು ಕೇಳಿದರು. ಅಲ್ಲವೆಂದೆ. ಏನೆಂದು ಹೇಳಲಿಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಳೆಯ ಪೆಟ್ಟಿಗೆಗಳ ನಡುವೆ, ಅವಳು ಕುಳಿತು ಬಾಲಕ್ಕೆ ಬಟ್ಟೆ ಹಾಕಿದಳು. ನಾನು ಚೌಕಟ್ಟನ್ನು ಹಿಡಿದುಕೊಂಡೆ. ಮುಂದಿನಿಂದ ಗಿರಾಕಿಗಳು ಬಂದಾಗ, "ರೀ, ಆ ಹಸಿರು ಡಜನ್ ಮೇಲಿನ ಹಲಗೇಲಿದೆ," ಎಂದು ಅವಳು ಕೂಗುತ್ತಿದ್ದಳು. ಆ ಕೂಗಿನಲ್ಲಿ ಒಂದು ಸಲಿಗೆಯಿತ್ತು. ಮೂವತ್ತೈದು ವರ್ಷ ಅವಳ ದನಿಯನ್ನು ಕೇಳಿದ್ದ ನನಗೆ ಅದು ಹೊಸದು. ಭಾವ ಎರಡು ಸಲ ಒಳಗೆ ಬಂದು ಇಣುಕಿದರು. ಎರಡನೆಯ ಸಲ ನೂಲಿನ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತರು. ಅವಳು ತಲೆಯೆತ್ತದೆ ಅವರ ಕೈಯಿಂದ ನೂಲನ್ನು ಎಳೆದುಕೊಂಡಳು. ಅದನ್ನು ನೋಡಿದಾಗ ನನಗೆ ನೋವಾಯಿತು, ಹಾಗೂ ನೆಮ್ಮದಿಯಾಯಿತು. ಅವಳು ಅಲ್ಲಿಯವಳಾಗಿದ್ದಳು.

ಮಧ್ಯಾಹ್ನದ ಊಟವಾಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಇನ್ನು ವಿಮಾನದಲ್ಲಿ ಬಟ್ಟೆ ಬೇಕಾದ ಭಾಗ ಯಾವುದೂ ಉಳಿದಿರಲಿಲ್ಲ. ಅದನ್ನು ನಾನು ಹೇಳಲಿಲ್ಲ. ಭಾವ ಬಸ್ಸಿನಲ್ಲಿ ಸೀಟು ಹಿಡಿಯಲು ಮುಂದೆ ಹೋದರು. ಅಕ್ಕ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ನನ್ನ ಜೊತೆ ನಡೆದಳು.

"ಇನ್ನೇನಾದ್ರೂ ಉಂಟಾ?" ಎಂದು ಕೇಳಿದಳು, ಆ ಊರಿನವರ ಹಾಗೆ.

"ಇಲ್ಲ ಅಕ್ಕ. ಬಾಲವೇ ಕೊನೆಯದು."

ಅವಳು ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ನಡೆದಳು. ಬಸ್ಸಿನ ಎಂಜಿನ್ ಆಗಲೇ ಗುರುಗುಟ್ಟುತ್ತಿತ್ತು.

"ಇದಕ್ಕಿಂತ ದೊಡ್ಡ ವಿಮಾನ ಯಾವ್ದೂ ಮಾಡಿರ್ಲಿಲ್ವಾ ಆ ಜರ್ಮನಿಯವರು?"

ಸರಿಯಾದ ಉತ್ತರ ನನಗೆ ಗೊತ್ತಿತ್ತು. "ಒಂದು ಇತ್ತು," ಎಂದೆ. "ಇದಕ್ಕಿಂತ ಅಗಲ. ಆದರೆ ಅದು ಹಾರಲೇ ಇಲ್ಲ."

"ಹಾರದಿದ್ರೆಂತ," ಎಂದು ಅಕ್ಕ ಪೆಟ್ಟಿಗೆಯನ್ನು ಕಿಟಕಿಯೊಳಗಿಂದ ನನ್ನ ಸೀಟಿನ ಮೇಲಿಟ್ಟಳು. "ಬಟ್ಟೆ ಬೇಕಲ್ವಾ ಅದಕ್ಕೂ?"

ಬೇಕಾಗುತ್ತದೆ ಎಂದೆ. ಬಹಳ ಬೇಕಾಗುತ್ತದೆ ಎಂದೆ.